ಸೋಲಾರ್‌ಗೆ ಜಮೀನು ಕೊಡಬಹುದೇ ಎಂದು ಕೇಳುವವರಿಗೆ

"ಸೋಲಾರ್‌ನವರು ಬಂದಿದ್ದಾರೆ, ಜಮೀನು ಗುತ್ತಿಗೆಗೆ ಕೊಡಬಹುದೇ?" ನಾನು ಪಾವಗಡದವಳು ಎಂದು ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ಬರುತ್ತದೆ, ಬಸ್ಸಿನಲ್ಲಿ ಬರುತ್ತದೆ. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಗಲೂ ಒಮ್ಮೆ ಬಂದಿದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ.

ನಾವು ಕೊಟ್ಟೆವು. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ನಮ್ಮ ಹೊಲವೂ ಅದರೊಳಗಿದೆ. "ಭೂಮಿತಾಯಿಯನ್ನು ಒತ್ತೆ ಇಟ್ಟಿರಲ್ಲ" ಎನ್ನುವವರಿಗೆ ನನ್ನದು ಒಂದೇ ಮಾತು: ಮಳೆ ನಂಬಿ ಕಡಲೆಕಾಯಿ ಬಿತ್ತಿ, ಬೀಜದ ಖರ್ಚೂ ಹುಟ್ಟದ ವರ್ಷಗಳಲ್ಲಿ ನೀವು ಎಲ್ಲಿದ್ದಿರಿ? ಕೊಳವೆಬಾವಿ ಕೊರೆಸಿದರೆ ಬರೀ ದೂಳು. ನೀರು ಸಿಕ್ಕಿದರೆ ಅದರಲ್ಲಿ ಫ್ಲೋರೈಡ್. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದಾಗ ಅಪ್ಪ ಸಹಿ ಹಾಕಿದರು. ಸರಿಯಾಗಿಯೇ ಮಾಡಿದರು ಎಂದು ಇವತ್ತಿಗೂ ಹೇಳುತ್ತೇನೆ.

ಕೋಪ ಬರುವುದು ಕೇಳುವ ಧಾಟಿಗೆ. "ಎಕರೆಗೆ ಎಷ್ಟು?" ಎನ್ನುತ್ತಾರೆ. 21,000, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ ಎಂದರೆ ಮುಖ ಅರಳುತ್ತದೆ, ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. 24 ವರ್ಷಗಳಲ್ಲಿ ಹನ್ನೆರಡು ಸಲ ಏರಿದರೂ ಅದು ಮುಟ್ಟುವುದು ಸುಮಾರು 37,700 ರೂಪಾಯಿ. ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ ಹಿಡಿದಿಡುವುದು ರಿಸರ್ವ್ ಬ್ಯಾಂಕಿನ ಗುರಿ. ಬೆಲೆಗಳು ಅಷ್ಟರಲ್ಲೇ ನಿಂತರೂ, ಮೊದಲ ವರ್ಷ 21,000ಕ್ಕೆ ಬರುತ್ತಿದ್ದ ಸಾಮಾನಿಗೆ ಆಗ ಸುಮಾರು 53,800 ಬೇಕು. ಸಹಿ ಹಾಕುವ ಮುನ್ನ ಜಗ್ಗಾಡಬೇಕಾದದ್ದು ಆರಂಭದ ಮೊತ್ತಕ್ಕಿಂತ ಹೆಚ್ಚಾಗಿ ಈ ಏರಿಕೆಯ ದರಕ್ಕೆ.

ಮದುವೆಯೊಂದರ ಊಟದ ಪಂಕ್ತಿಯಲ್ಲಿ ದೂರದ ಸಂಬಂಧದ ಮಾವನೊಬ್ಬರು, "ನಿಮಗೇನಮ್ಮ, ಕೂತಲ್ಲೇ ದುಡ್ಡು. ನಾವೂ ಕೊಟ್ಟುಬಿಡೋಣ ಅಂತ ಇದ್ದೇವೆ" ಎಂದರು. ಎದುರು ಪಂಕ್ತಿಯಲ್ಲಿ, ನಮ್ಮ ಹೊಲದಲ್ಲಿ ಬಹಳ ಕಾಲ ಕೂಲಿ ಮಾಡಿದ ಅಕ್ಕ ಕುಳಿತಿದ್ದರು. ಎಲೆಯಿಂದ ತಲೆ ಎತ್ತದೆ ಅವರು ಕೇಳಿದರು: "ಅಣ್ಣ, ನಿಮ್ಮ ಹೊಲಕ್ಕೆ ಕಳೆ ತೆಗೆಯಲು ಎಷ್ಟು ಜನ ಬರುತ್ತಾರೆ?" ಮಾವನಿಗೆ ಗೊತ್ತಿರಲಿಲ್ಲ. ಬಡಿಸುವವರನ್ನು ಕರೆದು ಇನ್ನಷ್ಟು ಸಾರು ಹಾಕಿಸಿಕೊಂಡರು.

ಆ ಅಕ್ಕನಿಗೆ ನಮ್ಮ ಹೊಲದಿಂದ ಸಿಗುತ್ತಿದ್ದದ್ದು ಕಳೆ ತೆಗೆದ ಕೂಲಿ, ಕಾಯಿ ಬಿಡಿಸಿದ ಕೂಲಿ. ಗಿಡ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಕಡ್ಡಿಯಿಂದ ಕೆದಕಿ, ಹಕ್ಕಲು ಆಯ್ದು, ಸೆರಗು ತುಂಬಿಕೊಂಡು ಹೋಗುತ್ತಿದ್ದರು. ಬದುವಿನ ಹುಲ್ಲು ಅವರ ಮೇಕೆಗಳಿಗೆ. ಇದ್ಯಾವುದೂ ಪಹಣಿಯಲ್ಲಿ ಇರಲಿಲ್ಲ. ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಬೇಲಿ ಬಿದ್ದದ್ದು ಎಲ್ಲರಿಗೂ. ಪಾರ್ಕಿನಲ್ಲಿ ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳಿವೆ, ನಿಜ. ಒಂದು ಸುಗ್ಗಿ ಕರೆಯುತ್ತಿದ್ದಷ್ಟು ಜನರನ್ನು ಅವು ಕರೆಯುವುದಿಲ್ಲ.

ನನ್ನನ್ನು ಇದನ್ನು ಕೇಳಿ: ನಮ್ಮ ಜಮೀನಿನಿಂದ ಬದುಕುವವರು ಯಾರು ಯಾರು, ಅವರಲ್ಲಿ ಯಾರ ಹೆಸರು ಕಾಗದದಲ್ಲಿದೆ? ಮನೆಯೊಳಗಿನಿಂದಲೇ ಶುರು ಮಾಡಿ. ಪಹಣಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದದ್ದು 2005ರಲ್ಲಿ. ಬಾಡಿಗೆ ಹಂಚುವ ದಿನ ಅಕ್ಕತಂಗಿಯರನ್ನು ಮರೆಯುವ ಮನೆಗಳು ನನಗೆ ಗೊತ್ತು.

ಹೊರಗಿನ ಕೆಲಸವೂ ಇದೆ. ಹದ್ದುಬಸ್ತು ಮಾಡಿಸಿ, ಅಂದರೆ ಹೊಲದ ಗಡಿ ಅಳತೆ ಮಾಡಿಸಿ, ನಕ್ಷೆಯನ್ನು ಇಟ್ಟುಕೊಳ್ಳಿ, ಏಕೆಂದರೆ ಬದುಗಳನ್ನು ಸಮ ಮಾಡಿದ ಮೇಲೆ ಯಾರ ಹೊಲ ಎಲ್ಲಿ ಮುಗಿಯಿತೆಂದು ಉತ್ತವನಿಗೂ ತಿಳಿಯದು. ಅಪ್ಪ ಈಗ ಬೇಲಿಯಾಚೆ ನಿಂತು, ಬೇವಿನ ಮರವೊಂದರ ಗುರುತು ಹಿಡಿದು, "ಅಲ್ಲಿಂದ ಈಚೆಗೆ ನಮ್ಮದು" ಎಂದು ಕೈ ಬೀಸಿ ತೋರಿಸುತ್ತಾರೆ. ನಮ್ಮಲ್ಲಿ ಗುತ್ತಿಗೆ ಪಡೆದದ್ದು ಸರ್ಕಾರದ ನಿಗಮ. ನಿಮ್ಮ ಜಗಲಿಗೆ ಬಂದವನು ಮಧ್ಯವರ್ತಿಯಾಗಿದ್ದರೆ, ನಾಳೆ ಬಾಡಿಗೆ ನಿಂತಾಗ ಯಾರ ಬಾಗಿಲು ತಟ್ಟಬೇಕೆಂದು ಕರಾರಿನಲ್ಲಿ ಹುಡುಕಿ. ಕಂಪನಿ ಕೈ ಬದಲಾದರೆ ಹೊಣೆ ಯಾರದು? ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು, ನೆಲದೊಳಗಿನ ಕೇಬಲ್ಲುಗಳನ್ನು ಯಾರ ಖರ್ಚಿನಲ್ಲಿ ತೆಗೆಯುತ್ತಾರೆ? ಬಂಡಿದಾರಿ ಮತ್ತು ಹಳ್ಳದ ಹರಿವು ಬೇಲಿಯೊಳಗೆ ಸೇರುತ್ತವೆಯೇ? ನೀರಿರುವ ತುಂಡು ಒಂದಾದರೂ ಇದ್ದರೆ ಅದನ್ನು ಕೊಡಲೇಬೇಡಿ.

ನಿಮ್ಮ ಹೊಲದಲ್ಲಿ ದುಡಿದವರಿಗೆ ಅಲ್ಲಿನ ಕೆಲಸ ಮೊದಲು ಸಿಗಬೇಕು ಎಂಬ ಸಾಲನ್ನೂ ಕರಾರಿನಲ್ಲಿ ಬರೆಸಿ. ಒಬ್ಬರೇ ಕೇಳಿದರೆ ಬರೆಯುವುದಿಲ್ಲ. ಊರಿನ ಜಮೀನುದಾರರೆಲ್ಲ ಒಟ್ಟಾಗಿ, ಅದು ಬರೆಯುವವರೆಗೆ ಸಹಿ ಇಲ್ಲ ಎಂದು ಕುಳಿತರೆ ಬರೆಯಬೇಕಾಗುತ್ತದೆ. ಸೋಲಾರ್‌ನವರಿಗೆ ಬೇಕಿರುವುದು ಒಂದಕ್ಕೊಂದು ಅಂಟಿದ ಜಮೀನು.