ಮೋಶೆಗೆ ಮಾವ ಹೇಳಿದ ಆಲೋಚನೆ

ಈ ವಾರ ಚರ್ಚ್ ಬೈಬಲ್ ಸ್ಟಡಿಲಿ ವಿಮೋಚನಕಾಂಡ 18 ಓದಿದ್ವಿ, ಅವತ್ತಿಂದ ಅದೇ ತಲೇಲಿ ಕೂತಿದೆ. 19ನೇ ವಚನದಲ್ಲಿ ಇತ್ರೋ ಅಳಿಯ ಮೋಶೆಗೆ ಆಲೋಚನೆ ಹೇಳ್ತೀನಿ ಕೇಳು ಅಂತಾನಲ್ಲ, ಅಲ್ಲಿರೋ ಹೀಬ್ರೂ ಕ್ರಿಯಾಪದ ಯಾಅತ್ಸ್, ಅಂದ್ರೆ ಸಲಹೆ ಕೊಡೋದು. ಕ್ರಿಸ್ಮಸ್ ಬಂದ್ರೆ ನಾವೆಲ್ಲ ಓದೋ ಯೆಶಾಯ 9:6ರ "ಆಲೋಚನಾಕರ್ತ" ಇದೆಯಲ್ಲ, ಯೋಏತ್ಸ್, ಅದೂ ಇದೇ ಪದದಿಂದ ಬಂದಿದ್ದು.

ನಮ್ಮಲ್ಲಿ ಬುದ್ಧಿ ಹೇಳೋದು ಅಂದ್ರೆ ಅರ್ಧ ಬೈಯೋದೇ. ಇತ್ರೋ ಹಂಗಲ್ಲ. ಮೋಶೆ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸ್ತಿರೋದನ್ನ ಮೊದ್ಲು ನೋಡ್ತಾನೆ, ಯಾಕಪ್ಪಾ ಹಿಂಗೆ ಅಂತ ಕೇಳ್ತಾನೆ, ಉತ್ತರ ಕೇಳಿಸ್ಕೊಂಡು ಆಮೇಲೆ ನೀನೂ ಸೋತು ಹೋಗ್ತೀಯ ಈ ಜನಾನೂ ಸೋತು ಹೋಗ್ತಾರೆ ಅಂತ ಹೇಳಿ, ಸಾವಿರ ಜನಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಮುಖ್ಯಸ್ಥನ್ನ ಇಡು, ಕಷ್ಟದ್ದು ಮಾತ್ರ ನಿನ್ನ ಹತ್ರ ಬರ್ಲಿ ಅಂತ ದಾರಿ ತೋರಿಸ್ತಾನೆ. ಕೀರ್ತನೆ 32:8ರಲ್ಲಿ ದೇವರು ನಿನ್ನ ಮೇಲೆ ಕಣ್ಣಿಟ್ಟು ಆಲೋಚನೆ ಹೇಳ್ತೀನಿ ಅಂತಾನೆ, ಅಲ್ಲೂ ಇದೇ ಕ್ರಿಯಾಪದ, ಅಲ್ಲೂ ಕಣ್ಣು!

ಚಿಕ್ಕಮಗಳೂರು ಕಡೆ ತೋಟ ಇರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಅರೇಬಿಕಾ ಕಾಫಿ ಗಿಡ ಸೊರಗ್ತಿದೆ ಅಂತ ಫೋನ್ ಮಾಡಿದ್ರೆ ಔಷಧಿ ಹೆಸರು ಹೇಳೋರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ತಿಳಿದ ಹಿರಿಯರು ತೋಟಕ್ಕೇ ಬಂದು ಕಾಂಡದ ಮೇಲೆ ಉಬ್ಬು ಎದ್ದಿದ್ಯಾ, ಬಿಳಿ ಕಾಂಡಕೊರಕ ಹುಳ ಹೊಕ್ಕಿದ್ಯಾ, ನೆರಳು ಜಾಸ್ತಿ ತೆಗೆದುಬಿಟ್ಟಿದ್ದಾರಾ ಅಂತ ನೋಡೋ ತನಕ ಬಾಯೇ ಬಿಡಲ್ಲ.

ಹಂಗಂತ ಯಾಅತ್ಸ್ ಅಂದ್ರೆ ಯಾವಾಗ್ಲೂ ಒಳ್ಳೇದೇ ಅಂತೇನಿಲ್ಲ. 1 ಅರಸುಗಳು 12ರಲ್ಲಿ ಸೊಲೊಮೋನನ ಮಗ ರೆಹಬ್ಬಾಮ ರಾಜ ಹಿರಿಯರ ಮಾತು ಬಿಟ್ಟು ಜೊತೇಲಿ ಬೆಳೆದ ಹುಡುಗರ ಮಾತು ಕೇಳಿ ರಾಜ್ಯಾನೇ ಒಡೆದುಕೊಂಡ, ಆ ಹುಡುಗರು ಹೇಳಿದ್ದಕ್ಕೂ ಅಲ್ಲಿ ಇದೇ ಪದ. ಯೆಶಾಯ 14ರಲ್ಲಂತೂ ಸೇನಾಧೀಶ್ವರನಾದ ಯೆಹೋವನು ಸಂಕಲ್ಪ ಮಾಡಿದ್ದಾನೆ, ತಪ್ಪಿಸೋರು ಯಾರು ಅನ್ನೋ ಕಡೆ ಇದೇ ಪದ ತೀರ್ಮಾನ ಅನ್ನೋ ಅರ್ಥದಲ್ಲಿ ಬರುತ್ತೆ.

ನಂಗೆ ಇತ್ರೋ ಮೇಲೆ ಗೌರವ ಜಾಸ್ತಿ ಆಗಿದ್ದು ಇಲ್ಲೇ. ಅಷ್ಟು ಚೆನ್ನಾಗಿ ಎಲ್ಲಾ ಹೇಳ್ಕೊಟ್ಟ ಮೇಲೂ ತೀರ್ಮಾನ ತನ್ನ ಕೈಲಿ ಇಟ್ಕೊಳಲ್ಲ ಅವ್ನು, ದೇವರೂ ಹಂಗೇ ಅಪ್ಪಣೆ ಕೊಟ್ರೆ ಮಾಡು ಅಂತಾನೆ, ಮೋಶೆ ಕಳಿಸಿಕೊಟ್ಟಾಗ ತನ್ನ ಊರಿಗೆ ಹೊರಟು ಹೋಗ್ತಾನೆ.