ನೆಲಮಹಡಿ ಮನೆಯಲ್ಲಿ ಉಣ್ಣೆ ಕಾಟ: ವಾರವಾರದ ಲಾಗ್

ಮನೆ ನೆಲಮಹಡಿಯದು. ಮುಂದೆ ಕಾರ್ ನಿಲ್ಲಿಸುವ ಜಾಗ, ಸುತ್ತ ಬಿರುಕು ಬಿಟ್ಟ ಹಳೇ ಕಾಂಪೌಂಡ್ ಗೋಡೆ. ಒಂದು ಇಂಡಿ ನಾಯಿ (18 ಕೆಜಿ), ಒಂದು ಬೆಕ್ಕು. ಗೇಟಿನ ಹೊರಗೆ ಮಲಗುವ ಬೀದಿ ನಾಯಿಗಳು ಬೇರೆ. ಬೆಂಗಳೂರಿನ ಹವೆ ನಮಗೆ ಹಿತ, ನಾಯಿಯ ರಕ್ತ ಕುಡಿಯುವ ಉಣ್ಣೆ ಹುಳಕ್ಕೂ ಹಿತ. ಅದನ್ನು ಕೊಲ್ಲುವಂಥ ಚಳಿ ಇಲ್ಲಿ ಬೀಳುವುದಿಲ್ಲ. ಹಾಗಾಗಿ ಇದು ಮಳೆಗಾಲದ ಕಾಟ ಅಂದುಕೊಂಡು ಸುಮ್ಮನಿದ್ದರೆ ವರ್ಷಪೂರ್ತಿ ಇರುತ್ತದೆ.

ವಾರ 0: ಲೆಕ್ಕ

ಇಲ್ಲಿರುವುದು ಕಂದು ಬಣ್ಣದ ನಾಯಿ ಉಣ್ಣೆ, ರಿಪಿಸೆಫಾಲಸ್. ಇದಕ್ಕೆ ಹುಲ್ಲು, ಪೊದೆ ಏನೂ ಬೇಕಿಲ್ಲ. ಗೋಡೆ ಸಂದು, ಒಂದು ನಾಯಿ, ಇಷ್ಟಿದ್ದರೆ ಇಡೀ ಸಂಸಾರ ಮನೆಯೊಳಗೇ ನಡೆಯುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ನಾಯಿಯಿಂದ ಉದುರಿ, ಗೋಡೆ ಹತ್ತಿ, ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆ ಒಡೆಯಲು ಎರಡರಿಂದ ಐದು ವಾರ ಬೇಕು. ಹೊರಬರುವ ಮರಿ ರಾಗಿ ಕಾಳಿಗಿಂತ ಚಿಕ್ಕದು, ಆರೇ ಕಾಲು. ಅದು ನಾಯಿ ಹತ್ತಿ, ರಕ್ತ ಕುಡಿದು, ಮತ್ತೆ ಉದುರಿ, ಪೊರೆ ಕಳಚಿ ಎಂಟು ಕಾಲಿನದಾಗುತ್ತದೆ. ಇನ್ನೊಂದು ಸಲ ಇದೇ ಸುತ್ತು ಮುಗಿಸಿದರೆ ದೊಡ್ಡದು. ಬಿಸಿಲು, ತೇವ ಕೂಡಿ ಬಂದರೆ ಇಡೀ ಚಕ್ರಕ್ಕೆ ಎರಡು ತಿಂಗಳ ಮೇಲೆ ಸ್ವಲ್ಪ ಸಾಕು. ನಾಯಿಯ ಮೈಮೇಲೆ ಕಾಣುವುದು ಒಟ್ಟು ಸೈನ್ಯದ ಸಣ್ಣ ಪಾಲು.

ಹುಡುಕುವ ಜಾಗಗಳು: ಕಿವಿಯೊಳಗೆ, ಕಾಲ್ಬೆರಳ ಸಂದು, ಬೆಲ್ಟಿನ ಕೆಳಗೆ, ಕಂಕುಳು, ಬಾಲದ ಬುಡ. ತುದಿ ಚೂಪಾದ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಬೇಕು, ತಿರುಚಬಾರದು. ತೆಗೆದದ್ದು ಸ್ಪಿರಿಟ್ ಡಬ್ಬಿಗೆ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡವೇ ಬೇಡ. ಉಗುರಲ್ಲಿ ಹಿಸುಕಿದರೆ ಅದರೊಳಗಿನ ರಕ್ತ ನಿಮ್ಮ ಕೈಗೇ ಅಂಟುತ್ತದೆ.

ವಾರ 1: ಮಾತ್ರೆ, ಮತ್ತು ಬೆಕ್ಕಿನ ವಿಷಯ

ನಾಯಿಗೆ ಫ್ಲೂರಲಾನರ್ ಅಗಿಯುವ ಮಾತ್ರೆ, 10ರಿಂದ 20 ಕೆಜಿ ತೂಕದ ನಾಯಿಗಳ ಪೊಟ್ಟಣದ್ದು. ಊಟದ ಜೊತೆ ಕೊಟ್ಟರೆ ಚೆನ್ನಾಗಿ ಹೀರಿಕೆಯಾಗುತ್ತದೆ. ಪರಿಣಾಮ 12 ವಾರ. ಫಿಟ್ಸ್ ಬಂದಿದ್ದ ನಾಯಿಯಾದರೆ ಮೊದಲೇ ಡಾಕ್ಟರಿಗೆ ಹೇಳಬೇಕು, ಈ ಗುಂಪಿನ ಔಷಧಿಗಳಿಗೆಲ್ಲ ಆ ಎಚ್ಚರಿಕೆ ಇದೆ.

ಈ ಮಾತ್ರೆ ಉಣ್ಣೆಯನ್ನು ಓಡಿಸುವುದಿಲ್ಲ. ಉಣ್ಣೆ ಕಚ್ಚಬೇಕು, ರಕ್ತದ ಜೊತೆ ಔಷಧಿ ಕುಡಿಯಬೇಕು, ಆಮೇಲೆ ಸಾಯಬೇಕು. ಆದ್ದರಿಂದ ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಉಣ್ಣೆ ಕಂಡರೆ ಔಷಧಿ ಡೂಪ್ಲಿಕೇಟ್ ಅಂತ ಅರ್ಥವಲ್ಲ. ಇದರಲ್ಲಿ ಒಂದು ಲಾಭವೂ ಇದೆ: ಔಷಧಿ ತಿಂದ ನಾಯಿಯೇ ಮನೆಯಲ್ಲಿ ಓಡಾಡುವ ಬಲೆ. ಮನೆ ಶುದ್ಧವಾಗುವವರೆಗೆ ಅದನ್ನು ಬೇರೆ ಕಡೆ ಬಿಟ್ಟು ಬರುವುದು ಜನ ಮಾಡುವ ದೊಡ್ಡ ತಪ್ಪು. ಬಲೆ ಹೋಯಿತು, ಸಂದಿನಲ್ಲಿರುವುದು ತಿಂಗಳುಗಟ್ಟಲೆ ಉಪವಾಸ ಕಾಯುತ್ತದೆ.

ಬೆಕ್ಕಿಗೆ ನಾಯಿಯ ಔಷಧಿ ಹಚ್ಚಲೇಬಾರದು. ನಾಯಿಯ ಕತ್ತಿಗೆ ಹಾಕುವ ಹಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಯಕೃತ್ತು ಅದನ್ನು ಒಡೆಯಲಾರದು. ನಡುಕ, ಫಿಟ್ಸ್, ಸಾವು. ಉಣ್ಣೆಗೆಂದು ನಾಯಿಯ ಮೈ ತೊಳೆಯುವ ಅಮಿಟ್ರಾಜ್ ದ್ರಾವಣವೂ ಬೆಕ್ಕಿಗೆ ಆಗದು. ಗೊತ್ತಿಲ್ಲದೆ ಹಚ್ಚಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತಕ್ಷಣ ತೊಳೆದು ಆಸ್ಪತ್ರೆಗೆ ಓಡಬೇಕು. ನಡುಕ ಶುರುವಾಗಿದ್ದರೆ ತೊಳೆಯುತ್ತಾ ಕೂರದೆ ನೇರ ಹೊರಡಿ.

ವಾರ 2: ಗೋಡೆ

ಅಸಲಿ ಕೆಲಸ ಇದು. ಸ್ಕರ್ಟಿಂಗ್ ಟೈಲ್ಸಿನ ಮೇಲಂಚು, ಕಿಟಕಿ ಚೌಕಟ್ಟು, ಕರ್ಟನ್ ಮಡಿಕೆ, ಮಂಚದ ಅಡಿ, ಸ್ವಿಚ್ ಬೋರ್ಡ್ ಸುತ್ತ: ವ್ಯಾಕ್ಯೂಮ್ ಕ್ಲೀನರಿನ ಕಿರಿದಾದ ಮೂತಿ ಹಾಕಿ ಎಳೆಯಬೇಕು. ಉಣ್ಣೆ ಮೇಲಕ್ಕೆ ಹತ್ತುವ ಜಾತಿ, ಬರೀ ನೆಲ ಒರೆಸಿದರೆ ಏನೂ ಆಗದು. ಕಸದ ಚೀಲವನ್ನು ಆಗಲೇ ಬಿಗಿಯಾಗಿ ಕಟ್ಟಿ ಹೊರಗೆ. ನಾಯಿಯ ಹಾಸಿಗೆ 60 ಡಿಗ್ರಿ ನೀರಲ್ಲಿ. ಆಮೇಲೆ ಒಳಗಿನ ಸಂದುಗಳಿಗೆ ಸೀಲೆಂಟ್, ಕಾಂಪೌಂಡಿನ ಬಿರುಕಿಗೆ ಸಿಮೆಂಟ್. ಸ್ಪ್ರೇ ಹೊಡೆಸುವುದಾದರೆ ಗಾರೆ ಕೆಲಸಕ್ಕಿಂತ ಮೊದಲೇ ಆಗಬೇಕು, ಸಂದು ಮುಚ್ಚಿದ ಮೇಲೆ ಔಷಧಿ ಒಳಗೆ ಹೋಗುವುದು ಹೇಗೆ?

ಪೆಸ್ಟ್ ಕಂಟ್ರೋಲಿನವರು ಸಾಮಾನ್ಯವಾಗಿ ತರುವುದು ಡೆಲ್ಟಾಮೆಥ್ರಿನ್ ಥರದ್ದು, ಪರ್ಮೆಥ್ರಿನ್ ಬಳಗದ್ದೇ. ಮನೆಯಲ್ಲಿ ಬೆಕ್ಕಿದೆ ಅಂತ ಮೊದಲೇ ಹೇಳಿ, ಪೂರ್ತಿ ಒಣಗುವವರೆಗೆ ಅದನ್ನು ಹೊರಗಿಡಿ. ಮೀನಿನ ತೊಟ್ಟಿ ಇದ್ದರೆ ಬೇರೆ ಕಡೆಗೆ ಸಾಗಿಸಿ, ಮೀನಿಗೆ ಇದು ಕಡು ವಿಷ.

ವಾರ 4: ಮತ್ತೆ ಬಂದವು

ಬಹಳ ಜನ ಕೈಚೆಲ್ಲುವುದು ಈ ಹಂತದಲ್ಲಿ. ಗೋಡೆ ಮೇಲೆ ಪುಟ್ಟ ಮರಿಗಳ ಸಾಲು. ಇವು ಮೊದಲ ವಾರಕ್ಕೂ ಮುಂಚೆ ಇಟ್ಟಿದ್ದ ಮೊಟ್ಟೆಗಳಿಂದ ಬಂದವು, ಸ್ಪ್ರೇ ಮೊಟ್ಟೆಗಳನ್ನು ಸರಿಯಾಗಿ ಕೊಲ್ಲುವುದಿಲ್ಲ. ಎರಡನೇ ಸ್ಪ್ರೇಯನ್ನು ಎರಡು ಮೂರು ವಾರ ಬಿಟ್ಟು ಇಡುವುದು ಇದಕ್ಕೇ. ಮರಿಗಳನ್ನು ಹಿಡಿಯಲು ಅಗಲದ ಸೆಲ್ಲೋಟೇಪ್ ಸಾಕು: ಒತ್ತಿ, ಎಳೆದು, ಮಡಚಿ ಬಿಸಾಕಿ. ಟೇಪಿನ ಮೇಲೆ ಎಷ್ಟಿವೆ ಎಂದು ಬರೆದಿಟ್ಟರೆ ಏರಿತೋ ಇಳಿಯಿತೋ ತಿಳಿಯುತ್ತದೆ.

ವಾರ 5: ಜ್ವರ

ನಾಯಿ ಊಟ ಬಿಟ್ಟಿತು, ಮೈ 103.6 ಫ್ಯಾರನ್‌ಹೀಟ್ (ಆರೋಗ್ಯವಂತ ನಾಯಿಗೆ 101ರಿಂದ 102.5). ಮನೆಯಲ್ಲಿರುವ ಡೋಲೋ, ಬ್ರೂಫೆನ್ ಕೊಡುವಂತಿಲ್ಲ. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸಾಮಾನ್ಯವಾಗಿ ಕುಸಿದಿರುತ್ತದೆ, ಬ್ರೂಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತದೆ. ಬೆಕ್ಕಿಗಂತೂ ಪ್ಯಾರಸಿಟಮಾಲ್ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 70 ಸಾವಿರ, ಇರಬೇಕಾದ್ದು ಸುಮಾರು 2ರಿಂದ 5 ಲಕ್ಷ. ಮಷೀನಿನ ಸಂಖ್ಯೆಯೊಂದನ್ನೇ ನಂಬಬಾರದು, ಪ್ಲೇಟ್‌ಲೆಟ್‌ಗಳು ಗುಂಪುಗೂಡಿದ್ದರೂ ಕಡಿಮೆ ತೋರಿಸುತ್ತದೆ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಬಬೀಸಿಯಾ (ಉಣ್ಣೆಯಿಂದಲೇ ಬಂದು ಕೆಂಪು ರಕ್ತಕಣ ಒಡೆಯುವ ಪರಾವಲಂಬಿ) ಇದ್ದರೆ ಅದರಲ್ಲೇ ಸಿಕ್ಕಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವವರು ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು.

ಫಲಿತಾಂಶ ಎರ್ಲಿಕಿಯಾ, ಉಣ್ಣೆ ಕಚ್ಚಿ ಹರಡುವ ಬ್ಯಾಕ್ಟೀರಿಯಾ. ಡಾಕ್ಟರ್ ಬರೆದದ್ದು ಡಾಕ್ಸಿಸೈಕ್ಲಿನ್ ಆಂಟಿಬಯಾಟಿಕ್, ಕೆಜಿಗೆ ದಿನಕ್ಕೆ ಸುಮಾರು 10 ಮಿಗ್ರಾಂ ಲೆಕ್ಕದಲ್ಲಿ, 28 ದಿನ. ಎರಡು ಮೂರು ದಿನದಲ್ಲೇ ನಾಯಿ ಕುಣಿದಾಡುತ್ತದೆ, ಬಹಳ ಜನ ಕೋರ್ಸ್ ನಿಲ್ಲಿಸುವುದೂ ಆವಾಗಲೇ, ನಿಲ್ಲಿಸಬಾರದು. ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಸುಡುತ್ತದೆ. ಹಾಲು, ಮೊಸರು, ಕ್ಯಾಲ್ಸಿಯಂ ಸಿರಪ್ ಅದೇ ಹೊತ್ತಿಗೆ ಬೇಡ, ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಫಿ ಬಣ್ಣದ ಮೂತ್ರ, ಬಿಳಚಿದ ಒಸಡು ಕಂಡರೆ ಬಬೀಸಿಯಾ ಅನುಮಾನ. ಅದಕ್ಕೆ ಡಾಕ್ಸಿ ಒಂದೇ ಸಾಲದು, ಅಂದೇ ಮತ್ತೆ ಆಸ್ಪತ್ರೆ.

ಇನ್ನೊಂದು ಮಾತು. ಕೋರ್ಸ್ ಮುಗಿದ ಮೇಲೂ ಕಿಟ್ ಪರೀಕ್ಷೆ ತಿಂಗಳುಗಟ್ಟಲೆ ಪಾಸಿಟಿವ್ ತೋರಿಸುತ್ತದೆ, ಅದು ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಆ ಗೆರೆ ನೋಡಿ ಮತ್ತೆ ಡಾಕ್ಸಿ ಶುರು ಮಾಡಿಸಬೇಡಿ. ಪ್ಲೇಟ್‌ಲೆಟ್ ಏರಿತೇ, ಅದನ್ನು ನೋಡಿ.

ವಾರ 9

ಟೇಪಿಗೆ ಏನೂ ಸಿಗಲಿಲ್ಲ. ಪ್ಲೇಟ್‌ಲೆಟ್ 2.4 ಲಕ್ಷ.

ವಾರ 11: ಗೇಟಿನ ಹೊರಗೆ

ಬೀದಿ ನಾಯಿಗಳಿಗೂ ಅದೇ ಮಾತ್ರೆ ಹಾಕದಿದ್ದರೆ ಅವುಗಳಿಂದ ಉದುರಿದ್ದು ಮತ್ತೆ ಕಾಂಪೌಂಡ್ ಹತ್ತುತ್ತದೆ. ಬಸುರಿ, ಬಾಣಂತಿ ನಾಯಿಗೂ ಫ್ಲೂರಲಾನರ್ ಕೊಡಬಹುದು, ಬೀದಿಯಲ್ಲಿ ಅದು ದೊಡ್ಡ ಅನುಕೂಲ. ಕೋಳಿ ಅನ್ನದ ಒಂದೇ ತುತ್ತಿನಲ್ಲಿ ಇಟ್ಟು, ಒಂದೊಂದಕ್ಕೆ ಬೇರೆ ಬೇರೆ ಕಡೆ ಹಾಕಬೇಕು. ಇಲ್ಲವಾದರೆ ಬಲವಾದದ್ದೇ ಎರಡನ್ನೂ ನುಂಗುತ್ತದೆ. ಊಟ ಹಾಕುವವರು ತೂಕ ಅಂದಾಜು ಮಾಡಿ ಪಟ್ಟಿ ಕೊಟ್ಟಿದ್ದಾರೆ, ಖರ್ಚನ್ನು ಬೀದಿಯ ಮನೆಗಳು ಹಂಚಿಕೊಂಡಿವೆ.

ಬಾಕಿ: ಮೀಟರ್ ಬಾಕ್ಸ್ ಹಿಂದಿನ ಬಿರುಕು, ಸಂಪ್ ಮುಚ್ಚಳದ ಅಂಚು. ಮುಂದಿನ ಮಾತ್ರೆ ವಾರ 13ಕ್ಕೆ.