ಖಣದ ಅಗಲಕ್ಕೆ ತಕ್ಕ ಅಂಗಿ

ಬಾಗಲಕೋಟೆ ಜಿಲ್ಲೆಯಲ್ಲಿ ಪರಿಸರಕ್ಕೆ ಹೊರೆಯಾಗದ ಉಡುಪಿನ ಉದ್ಯಮ ಆರಂಭಿಸುತ್ತೇನೆಂದು ಹೇಳಿದರೆ, ಬಟ್ಟೆ ಎಲ್ಲಿಂದ ತರುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗಗಳು, ತುಳಸಿಗೇರಿಯ ಖಾದಿ ಎಲ್ಲವೂ ಒಂದೇ ಜಿಲ್ಲೆಯೊಳಗಿರುವಾಗ ಆ ಪ್ರಶ್ನೆ ಏಳುವ ಹಾಗೂ ಇಲ್ಲ. ಜನ ಕೇಳುವುದು, ಇಷ್ಟೆಲ್ಲ ಇರುವ ಕಡೆ ನೀವು ಹೊಸದಾಗಿ ಮಾಡುವುದೇನಿದೆ ಎಂದು. ನವನಗರದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳನ್ನೂ ಒಂದು ಕಟಿಂಗ್ ಮೇಜನ್ನೂ ಹಾಕಿಕೊಂಡು ಕುಳಿತ ಮೇಲೆ ನನಗೆ ದೊರೆತ ಉತ್ತರ ಇಷ್ಟು: ಉಡುಪಿನ ವಿನ್ಯಾಸವನ್ನು ಮೊದಲು ಬರೆದು ಆಮೇಲೆ ಅದಕ್ಕೆ ಬಟ್ಟೆ ಹುಡುಕುವ ಪದ್ಧತಿಯನ್ನು ತಿರುವುಮುರುವು ಮಾಡಿ, ಮಗ್ಗ ಯಾವ ಅಗಲದಲ್ಲಿ ಏನನ್ನು ಕೊಡುತ್ತದೆಯೋ ಅದರಿಂದಲೇ ವಿನ್ಯಾಸ ಹುಟ್ಟುವಂತೆ ನೋಡಿಕೊಳ್ಳಬೇಕು. ಉಳಿದೆಲ್ಲ ಹಸಿರು ಮಾತುಗಳು ಇದರ ನಂತರದವು.

ಸಿದ್ಧ ಉಡುಪಿನ ಕಾರ್ಖಾನೆಗಳು ಸಾಮಾನ್ಯವಾಗಿ 44 ಅಥವಾ 58 ಇಂಚು ಅಗಲದ ಮಿಲ್ ಬಟ್ಟೆಯನ್ನು ಲೆಕ್ಕಕ್ಕಿಟ್ಟುಕೊಂಡು ನಮೂನೆ ಕತ್ತರಿಸುತ್ತವೆ. ಅಷ್ಟು ಅಗಲವಿದ್ದರೂ ಕತ್ತರಿಯ ಕೆಳಗೆ ಬೀಳುವ ಚೂರುಗಳು ಒಟ್ಟು ಬಟ್ಟೆಯ ಶೇಕಡಾ 10ರಿಂದ 15ರಷ್ಟಾಗುವುದು ಈ ವೃತ್ತಿಯಲ್ಲಿ ಎಲ್ಲರೂ ಒಪ್ಪಿಕೊಂಡ ಸಂಗತಿ. ಖಣದ ಅಗಲವೋ ಒಂದು ಗಜಕ್ಕಿಂತ ಕಡಿಮೆ. ಅದು ಕುಪ್ಪಸಕ್ಕೆಂದೇ ಹುಟ್ಟಿದ ಬಟ್ಟೆ. ಅದರ ಮೇಲೆ ಈಗಿನ ಕುರ್ತಾದ ಕಾಗದದ ನಮೂನೆಯನ್ನು ಹಾಸಿದರೆ ತೋಳಿನ ಸುತ್ತಲೂ ಕೊರಳಿನ ಸುತ್ತಲೂ ಚಂದ್ರಾಕಾರದ ತುಂಡುಗಳು ಬೀಳುತ್ತವೆ, ಅಂಚಿನ ದಡಿ ಎಲ್ಲೋ ಒಳಹೊಲಿಗೆಗೆ ಸೇರಿಹೋಗುತ್ತದೆ, ಮೈಯಲ್ಲಿ ನೇಯ್ದ ಚಿತ್ತಾರ, ಅಂದರೆ ಬುಟ್ಟಾ, ತೇರಿನದಾಗಿದ್ದರೆ ಬಟ್ಟೆ ಉಳಿಸಲೆಂದು ನಮೂನೆಯನ್ನು ತಿರುಗಿಸಿಡುವ ದಾರಿಯೂ ಇಲ್ಲ, ಏಕೆಂದರೆ ಬೆನ್ನಿನ ಮೇಲಿನ ತೇರು ತಲೆಕೆಳಗಾಗಿ ನಿಲ್ಲುತ್ತದೆ. ಗುಳೇದಗುಡ್ಡದಲ್ಲಿ ನನಗೆ ಖಣ ನೇಯ್ದುಕೊಡುವ ಹಿರಿಯರು ನನ್ನ ಕಾಗದದ ನಮೂನೆಯನ್ನು ತಮ್ಮ ಮಗ್ಗದ ಪಕ್ಕದ ಚಾಪೆಯ ಮೇಲೆ ಹರಡಿ ನೋಡಿ ಒಂದೇ ಮಾತು ಹೇಳಿದರು: “ತಂಗೀ, ದಡಿ ಒಳಗ ಮುಚ್ಚಿ ಹೊಲಿದ್ರ ನಾ ನೇದದ್ದು ಯಾರಿಗೆ ಕಾಣಬೇಕವಾ?” “ಹಂಗಾದ್ರ ಎಲ್ಲಿ ಬರಬೇಕು ಹೇಳ್ರಿ ಕಾಕಾ” ಎಂದು ಕೇಳಿದ್ದಕ್ಕೆ ಅವರು ಬಟ್ಟೆಯನ್ನು ಅಡ್ಡಲಾಗಿ ಹಿಡಿದು ದಡಿಯನ್ನು ತಮ್ಮ ಮಣಿಕಟ್ಟಿಗೆ ತಂದು ನಿಲ್ಲಿಸಿದರು.

ನಮ್ಮ ಹಳೆಯ ಉಡುಪುಗಳ ಕಟಿಂಗ್ ಎಷ್ಟು ಜಿಪುಣತನದ್ದು ಎಂಬುದನ್ನು ಮೇಜಿನ ಮುಂದೆ ನಿಂತವರೇ ಬಲ್ಲರು. ಸೀರೆಗೂ ಧೋತರಕ್ಕೂ ಕತ್ತರಿಯೇ ಬೇಕಿಲ್ಲ. ಹಳೆಯ ಜುಬ್ಬಾದಲ್ಲಿ ಮೈ ಒಂದು ಆಯತ, ತೋಳು ಎರಡು ಆಯತ, ಕಂಕುಳಿಗೆ ಚೌಕದ ತುಂಡು, ಬದಿಗೆ ಒಂದೇ ಆಯತವನ್ನು ಓರೆಯಾಗಿ ಸೀಳಿ ಪಡೆದ ಕಲಿಗಳು. ಇಷ್ಟನ್ನು ಜೋಡಿಸಿದರೆ ಕೊರಳಿನ ತುಂಡೊಂದನ್ನು ಬಿಟ್ಟು ಬೇರೇನೂ ವ್ಯರ್ಥವಾಗುವುದಿಲ್ಲ. ಕಂಕುಳಿನ ಆ ಚೌಕ ಇರುವುದರಿಂದಲೇ ಕೈ ಎತ್ತಿದಾಗ ಅಂಗಿ ಬಿಗಿಯುವುದಿಲ್ಲ, ಹೊಲಿಗೆ ಸಿಡಿಯುವುದಿಲ್ಲ. ನನ್ನ ಕುರ್ತಾ ಈಗ ಇದೇ ಲೆಕ್ಕದಲ್ಲಿದೆ: ಖಣದ ಪೂರ್ಣ ಅಗಲವೇ ಮುಂಭಾಗ, ಇನ್ನೊಂದು ಪೂರ್ಣ ಅಗಲ ಹಿಂಭಾಗ, ದಡಿ ತೋಳಿನ ತುದಿಗೂ ಕೆಳಗಿನ ಅಂಚಿಗೂ ಬರುವ ಹಾಗೆ. ದಡಿ ತಾನಾಗಿಯೇ ಗಟ್ಟಿಯಾಗಿರುವುದರಿಂದ ಅಲ್ಲಿ ಮಡಚಿ ಹೊಲಿಯುವ ಅಗತ್ಯವೂ ಇಲ್ಲ. ಹಾಗೂ ಉಳಿದ ಚೂರುಗಳು ಹಳೆ ಬಟ್ಟೆಯ ತುಂಡುಗಳಿಂದ ಕೌದಿ (ಹೊದಿಕೆ) ಹೊಲಿಯುವ ಹೆಣ್ಣುಮಕ್ಕಳ ಕೈಗೆ ಹೋಗುತ್ತವೆ. ಆದರೆ ಕೌದಿಯನ್ನು ತೋರಿಸಿ, ನಮ್ಮಲ್ಲಿ ಕಸವೇ ಇಲ್ಲ ಎಂದು ಬೀಗುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಕೌದಿಗೆ ಬೇಕಾದಷ್ಟು ಹಳೆಯ ಸೀರೆ, ಧೋತರ ಪ್ರತಿ ಮನೆಯಲ್ಲೂ ಇವೆ. ನಾವು ಹೊಸದಾಗಿ ಚೂರು ಹುಟ್ಟಿಸಿ ಕೊಡುವ ಉಪಕಾರ ಯಾರಿಗೂ ಬೇಕಾಗಿಲ್ಲ.

ನೂಲಿನ ವಿಷಯಕ್ಕೆ ಬಂದರೆ ಲೆಕ್ಕ ಇಷ್ಟು ಸರಳವಾಗಿ ಉಳಿಯುವುದಿಲ್ಲ. ಒಂದು ಟೀ ಶರ್ಟಿಗೆ 2,700 ಲೀಟರ್ ನೀರು ಎಂಬ ಅಂಕಿಯನ್ನು ಈ ಬಗೆಯ ಉದ್ಯಮದವರೆಲ್ಲ ತಮ್ಮ ಜಾಹೀರಾತಿನಲ್ಲಿ ಅಚ್ಚು ಹಾಕಿಸುತ್ತಾರೆ. ಜಗತ್ತಿನ ಬೇರೆ ಬೇರೆ ಕಡೆಯ ಹತ್ತಿಯನ್ನು ಒಟ್ಟಿಗೆ ಹಾಕಿ ತೆಗೆದ ಆ ಸರಾಸರಿಗೂ, ಎರೆಭೂಮಿಯ ತೇವವನ್ನೇ ನಂಬಿ ಬೆಳೆಯುವ ನಮ್ಮ ಜಯಧರ ಹತ್ತಿಗೂ ಏನೂ ಸಂಬಂಧವಿಲ್ಲ. ಜಯಧರ ದೇಸಿ ಹತ್ತಿ; ಮಳೆಗಾಲದ ಕೊನೆಯ ಭಾಗದಲ್ಲಿ ಬಿತ್ತಿದರೆ ಬೇಸಿಗೆಯ ಹೊತ್ತಿಗೆ ಕಾಯಿ ಬಿಡಿಸಬಹುದು, ಕಾಲುವೆಯ ನೀರು ಬೇಡ, ರಸ ಹೀರುವ ಕೀಟಗಳನ್ನು ತಾನೇ ತಾಳಿಕೊಳ್ಳುತ್ತದೆ. 2002ರಲ್ಲಿ ಕುಲಾಂತರಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕ ಮೇಲೆ ಇಂತಹ ತಳಿಗಳು ಹಿಂದೆ ಸರಿದವು. ಇಳುವರಿ ಕಡಿಮೆ, ಎಳೆ ಗಿಡ್ಡ. ಗಿಡ್ಡ ಎಳೆಯಿಂದ ಸಣ್ಣ ನೂಲು ಬರುವುದಿಲ್ಲವಾದ್ದರಿಂದ ಜಯಧರದಿಂದ ತೆಳು ಕುರ್ತಾ ಮಾಡುತ್ತೇನೆಂದು ಹೊರಡುವುದು ವ್ಯರ್ಥ. ದಪ್ಪ ನೂಲಿನ ಜಾಕೀಟು, ಚೀಲ, ಚಳಿಗಾಲದ ಅಂಗಿಗೆ ಅದು ಹೇಳಿ ಮಾಡಿಸಿದ್ದು. ನಾನು ಅದನ್ನು ಅಷ್ಟಕ್ಕೆ ಮಾತ್ರ ಬಳಸಲು ನಿರ್ಧರಿಸಿದ್ದೇನೆ.

ಮಗ್ಗದ ಬಟ್ಟೆ ಎಂದ ಮಾತ್ರಕ್ಕೆ ಅದು ಹತ್ತಿಯೋ ರೇಷ್ಮೆಯೋ ಆಗಿರಬೇಕೆಂದಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ (ಉದ್ದಕ್ಕೆ ಹಾಯುವ ಎಳೆಗಳನ್ನೂ) ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ ಕುಣಿಕೆಗಳಿಂದ ಒಂದಕ್ಕೊಂದು ಸಿಕ್ಕಿಸುವ ತೋಪು ತೆನೆಯ ಕೌಶಲ ಇಂದಿಗೂ ಉಳಿದಿದೆ. ಅದೇ ಪೇಟೆಯಲ್ಲಿ ‘ಚಮಕಾ’ ಎಂದು ಕರೆಯುವ ಕೃತಕ ರೇಷ್ಮೆಯ ಸೀರೆಯೂ ಇದೆ, ವಿದ್ಯುತ್ ಮಗ್ಗದ ಸೀರೆಯೂ ಇದೆ. ಅವುಗಳನ್ನು ಮಾರುವುದರಲ್ಲಿ ತಪ್ಪೇನೂ ಇಲ್ಲ, ಕೈಮಗ್ಗದ ಅಸಲು ರೇಷ್ಮೆಯೆಂದು ಮಾರಬಾರದು ಅಷ್ಟೆ. ಬಟ್ಟೆಯ ಹೊಸ ತಾನು ಬಂದಾಗ ಅಂಚಿನಿಂದ ಹಾಸಿನ ಒಂದೆಳೆ, ಅಡ್ಡಕ್ಕೆ ಹಾಯುವ ಹೊಕ್ಕಿನ ಒಂದೆಳೆ ಎಳೆದು ಕಡ್ಡಿ ಗೀರಿ ಸುಟ್ಟು ನೋಡುವುದು ನನ್ನ ರೂಢಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಮೆತ್ತನೆಯ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಒತ್ತಿದರೆ ಪುಡಿಯಾಗುವ ಕರಿ ಗುಂಡು. ಪಾಲಿಯೆಸ್ಟರ್ ಉರಿಯುವುದಕ್ಕಿಂತ ಹೆಚ್ಚಾಗಿ ಕರಗುತ್ತದೆ, ಆರಿದ ಮೇಲೆ ಉಗುರಿಗೂ ಒಡೆಯದ ಗಟ್ಟಿ ಮಣಿಯಾಗುತ್ತದೆ. ಚಮಕಾ ಮಾತ್ರ ಹತ್ತಿಯಂತೆಯೇ ಉರಿದು ಮೋಸ ಮಾಡುತ್ತದೆ. ಅದನ್ನು ಗುರುತಿಸಲು ಎಳೆಯನ್ನು ಒದ್ದೆ ಮಾಡಿ ಜಗ್ಗಿ ನೋಡಬೇಕು, ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಚಮಕಾ ಬೇಗನೆ ಕಡಿದುಹೋಗುತ್ತದೆ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸುವುದಿಲ್ಲ. ಗಿಡಮೂಲದ ಬಣ್ಣವೆಂದ ಕೂಡಲೇ ಅದು ನಿರಪಾಯಕಾರಿ ಎಂದು ನಂಬುವುದು ಆತುರದ ನಂಬಿಕೆ. ದಾಳಿಂಬೆ ಸಿಪ್ಪೆ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಬಣ್ಣ ನಿಲ್ಲಲೆಂದು ಪಟಕ ಹಿಡಿಸಿದ ಹತ್ತಿಗೆ ಅದು ಒಳ್ಳೆಯ ಹಳದಿ ಕೊಡುತ್ತದೆ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿದರೆ ಬರುವ ದ್ರವಕ್ಕೆ ಅದೇ ಬಟ್ಟೆಯನ್ನು ಅದ್ದಿದಾಗ ಹಳದಿ ಕಣ್ಣೆದುರೇ ಬೂದಿಯಾಗಿ, ಮತ್ತೆ ಅದ್ದಿದರೆ ಕಪ್ಪಿಗೆ ತಿರುಗುತ್ತದೆ. ಮಹಾಲಿಂಗಪುರದ ಬೆಲ್ಲ ಈ ಕೆಲಸಕ್ಕೂ ಆಗುತ್ತದೆಯೆಂದು ಹೇಳಿದರೆ ನಮ್ಮ ಮನೆಯಲ್ಲಿ ಬೈಗುಳವೇ ಬರುತ್ತದೆ. ಇಷ್ಟರವರೆಗೆ ಚೆನ್ನ. ಆದರೆ ಬಣ್ಣ ಗಾಢವಾಗಲೆಂದು ಮೈಲುತುತ್ತವನ್ನೋ ಕ್ರೋಮಿಯಂ ಲವಣವನ್ನೋ ಹಾಕುವವರಿದ್ದಾರೆ. ಆ ನೀರು ಚರಂಡಿಗೆ ಹೋದರೆ ಸಿಪ್ಪೆಯ ಪುಣ್ಯವೆಲ್ಲ ಅಲ್ಲಿಗೆ ಮುಗಿಯಿತು. ಕುದಿಸಲು ಸೌದೆ ಬೇಕು, ತೊಳೆಯಲು ಮತ್ತೆ ಮತ್ತೆ ನೀರು ಬೇಕು.

ಇನ್ನೊಂದು ಕಡೆ, ಹತ್ತಿಗೆ ಬಳಸುವ ರಿಯಾಕ್ಟಿವ್ ಎಂಬ ರಾಸಾಯನಿಕ ಬಣ್ಣಗಳಿಗೆ ಪ್ರತಿ ಲೀಟರ್ ನೀರಿಗೆ ಹತ್ತಾರು ಗ್ರಾಂ ಉಪ್ಪು ಹಾಕಬೇಕಾಗುತ್ತದೆ, ಎಳೆಗೆ ಹಿಡಿಯದೆ ಉಳಿದ ಬಣ್ಣವೂ ಉಪ್ಪೂ ಕೂಡಿಯೇ ಹೊರಗೆ ಹರಿಯುತ್ತವೆ. ಉಪ್ಪೇರಿ ನೀರು ನಿಂತು ನೆಲ ಕೆಡುವ ಸವಳು-ಜವಳು ಎಂದರೇನೆಂದು ಘಟಪ್ರಭೆ, ಕೃಷ್ಣೆಯ ದಂಡೆಯ ಕಬ್ಬಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂತಹ ನೆಲಕ್ಕೆ ನಮ್ಮ ಕೋಣೆಯಿಂದ ಇನ್ನಷ್ಟು ಉಪ್ಪು ಬಿಡುವುದು ನನಗೆ ಸಮ್ಮತವಲ್ಲ. ಹೀಗಾಗಿ ಬಣ್ಣ ಹಾಕುವ ಕೆಲಸವನ್ನು ನಮ್ಮಲ್ಲಿ ಇಟ್ಟುಕೊಂಡಿಲ್ಲ. ಪಟಕ ಮತ್ತು ಕಬ್ಬಿಣ ಎರಡನ್ನೇ ಬಳಸುವವರಿಂದ ಸ್ವಲ್ಪ ಬಟ್ಟೆ, ನೀರು ಶುದ್ಧೀಕರಿಸುವ ವ್ಯವಸ್ಥೆಯಿರುವ ಕಡೆ ಬಣ್ಣ ಹಾಕಿಸಿದ ನೂಲಿನಿಂದ ಉಳಿದದ್ದು, ಇಷ್ಟರಿಂದ ಬಣ್ಣದ ಪಟ್ಟಿ ಚಿಕ್ಕದಾದರೂ ಚಿಂತೆಯಿಲ್ಲ.

ಮಜೂರಿಯ ಲೆಕ್ಕವನ್ನು ಪರಿಸರದ ಲೆಕ್ಕದಿಂದ ಬೇರೆ ಇಡುವವರನ್ನು ನೋಡಿದರೆ ನನಗೆ ಅಚ್ಚರಿಯಾಗುತ್ತದೆ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸಗಾರರು ಸುಮಾರು 35 ಲಕ್ಷ, ಅವರಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಮಹಿಳೆಯರು. ಆದರೂ ಕಂಡಿಕಿ (ಹೊಕ್ಕಿನ ನೂಲಿನ ಸುರುಳಿ) ಸುತ್ತುವ, ಎಳೆ ಕೂಡಿಸುವ, ಗಂಜಿ ಹಾಕುವ ಮನೆಯ ಹೆಣ್ಣುಮಕ್ಕಳ ದುಡಿಮೆ ಬಹಳಷ್ಟು ಕಡೆ ಗಜದ ದರದೊಳಗೆ ಮುಳುಗಿಹೋಗುತ್ತದೆ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ, ವಿದ್ಯುತ್ತಿಲ್ಲದೆ ನಡೆಯುವ ಕುಣಿಮಗ್ಗಕ್ಕಿಂತ ಪರಿಸರಸ್ನೇಹಿಯಾದ ಯಂತ್ರ ಬೇರೊಂದಿಲ್ಲ. ಅದರ ಮುಂದೆ ಕುಳಿತವರ ಮಗ ಬೆಂಗಳೂರಿಗೋ ಗೋವಾಕ್ಕೋ ಕೂಲಿಗೆ ಹೋದ ದಿನ ಆ ಯಂತ್ರ ನಿಲ್ಲುತ್ತದೆ. ಆದ್ದರಿಂದ ನಾನು ಗಜಕ್ಕಿಷ್ಟೆಂದು ಕೊಡದೆ, ಹಾಸು ಏರಿಸುವ ದಿನಗಳನ್ನೂ ಕಂಡಿಕಿಯ ದಿನಗಳನ್ನೂ ಸೇರಿಸಿ ದಿನದ ಲೆಕ್ಕದಲ್ಲಿ ಕೊಡುತ್ತೇನೆ, ನೂಲಿನ ಹಣವನ್ನು ಮುಂಗಡವಾಗಿ ಕೊಡುತ್ತೇನೆ. ಮಳೆಗಾಲದಲ್ಲಿ ಕುಣಿಗೆ ತೇವ ಏರಿ ಕೆಲಸ ನಿಧಾನವಾಗುತ್ತದೆಂಬುದನ್ನು ಗೊತ್ತಿಟ್ಟುಕೊಂಡೇ ಆರ್ಡರ್ ಹಿಡಿಯುತ್ತೇನೆ.

ಬಂಡವಾಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಉದ್ಯಮಗಳಿಗಿರುವ ಕೇಂದ್ರದ ‘ಉದ್ಯಮ’ ನೋಂದಣಿಗೆ ಶುಲ್ಕವಿಲ್ಲ. ಪ್ರಧಾನಮಂತ್ರಿಯವರ ಉದ್ಯೋಗ ಸೃಜನ ಕಾರ್ಯಕ್ರಮ (ಪಿಎಂಇಜಿಪಿ) ಎಂಬ ಸಾಲ ಯೋಜನೆಯಲ್ಲಿ ಗ್ರಾಮೀಣ ಭಾಗದ ಮಹಿಳೆಗೆ ಯೋಜನಾ ವೆಚ್ಚದ ಶೇಕಡಾ 35ರಷ್ಟು ಸಹಾಯಧನ ಇದೆ. ಆದರೆ ಆ ಹಣ ಕೂಡಲೇ ಕೈಗೆ ಬರದೆ ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಹೊಂದುತ್ತದೆ, ಆದ್ದರಿಂದ ಅದನ್ನು ನಂಬಿ ಕಂತು ಕಟ್ಟಲಾಗದು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇಕಡಾ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇಕಡಾ 18 ಜಿಎಸ್‌ಟಿ ಆಗಿದೆ. ಕಸೂತಿ ಹಾಕಿದ ಕುರ್ತಾವೊಂದು ನ್ಯಾಯವಾದ ಮಜೂರಿ ಕೊಟ್ಟರೆ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಹತ್ತು ವರ್ಷ ಬಾಳುವ ಬಟ್ಟೆಗೆ ಹೆಚ್ಚು ತೆರಿಗೆ, ಎರಡು ಒಗೆತಕ್ಕೆ ಹಿಂಜುವ ಬಟ್ಟೆಗೆ ಕಡಿಮೆ ತೆರಿಗೆ ಎಂಬ ಈ ಏರ್ಪಾಡು ನನಗೆ ಅರ್ಥವಾಗಿಲ್ಲ.

ಗಿರಾಕಿಗೆ ಏನು ಹೇಳಬೇಕೆಂಬುದರಲ್ಲೂ ಕಾನೂನು ಇದೆ. ಕೈಯಿಂದ ನೂತು ನೇಯ್ದದ್ದಾದರೂ ಖಾದಿ ಮಾರ್ಕ್ ಪ್ರಮಾಣಪತ್ರವಿಲ್ಲದೆ ಖಾದಿ ಎಂಬ ಹೆಸರಿನಲ್ಲಿ ಮಾರುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ ‘ಪರಿಸರಸ್ನೇಹಿ’, ‘ಹಸಿರು’ ಮುಂತಾದ ಮಾತುಗಳನ್ನು ಆಧಾರವಿಲ್ಲದೆ ಬಳಸಬಾರದು. ಹೀಗಾಗಿ ನನ್ನ ಚೀಟಿಯಲ್ಲಿ ಆ ಮಾತುಗಳೇ ಇಲ್ಲ. ಹಾಸು ಯಾವುದರದು, ಹೊಕ್ಕು ಯಾವುದರದು, ಯಾವ ಊರಿನ ಮಗ್ಗ, ಬಣ್ಣ ಯಾವುದರಿಂದ, ನೇಕಾರರಿಗೆ ಎಷ್ಟು ದಿನದ ಮಜೂರಿ ಸಂದಿತು ಎಂದಷ್ಟೇ ಬರೆದಿರುತ್ತದೆ. ಗುಂಡಿ ತೆಂಗಿನ ಚಿಪ್ಪಿನದು, ಆದರೆ ಹೊಲಿಗೆಯ ದಾರ ಪಾಲಿಯೆಸ್ಟರ್. ಹತ್ತಿಯ ದಾರ ಯಂತ್ರದ ವೇಗಕ್ಕೆ ಕಡಿಯುತ್ತಲೇ ಇರುವುದರಿಂದ ಅದನ್ನೂ ಹಾಗೆಯೇ ಬರೆದಿದ್ದೇನೆ.

ಮೊದಲ ಮಾಲನ್ನು ಬಾದಾಮಿಯ ಬನಶಂಕರಿ ಜಾತ್ರೆಗೆ ಒಯ್ಯುವ ಯೋಚನೆಯಿದೆ. ನೇಕಾರರ ಕುಲದೇವತೆಯ ಜಾತ್ರೆಯಲ್ಲಿ ಬಟ್ಟೆಯನ್ನು ಬೆರಳಿನಿಂದ ಮುಟ್ಟಿಯೇ ಅದು ಯಾವ ಬಗೆಯದೆಂದು ಹೇಳುವ ಗಿರಾಕಿಗಳಿರುತ್ತಾರೆ, ಅವರ ಮುಂದೆ ಚೀಟಿ ಓದಿ ಹೇಳುವ ಪ್ರಮೇಯವೂ ಬರುವುದಿಲ್ಲ. ಮಕ್ಕಳ ಅಂಗಿಗಳಲ್ಲಿ ಉದ್ದಕ್ಕೂ ಬದಿಗೂ ಎರಡೆರಡು ಇಂಚು ಬಟ್ಟೆಯನ್ನು ಒಳಗೆ ಮಡಚಿ ಬಿಟ್ಟಿದ್ದೇವೆ. ಮಗು ಬೆಳೆದಂತೆ ಬಿಚ್ಚಿ ಹೊಲಿಸಿಕೊಳ್ಳಬಹುದು, ನಮ್ಮಲ್ಲಿಗೇ ತಂದರೆ ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.